ಏಳನೆಯ ಮೈನಸ್ ಪಾಯಿಂಟು

ಹಳೆಯ ಡೀಸೆಲ್ ಕ್ಯಾಂಪರ್ ವ್ಯಾನಿನ ಆರು ಪ್ಲಸ್ ಪಾಯಿಂಟುಗಳನ್ನೂ ಏಳು ಮೈನಸ್ ಪಾಯಿಂಟುಗಳನ್ನೂ ಈರೇಶ್ ಒಂದೇ ವಿಡಿಯೊದಲ್ಲಿ ಹೇಳಿದ. ಏಳನೆಯ ಮೈನಸ್ ಪಾಯಿಂಟು ಅವನ ಹೆಂಡತಿ.

"ಹೊಗೆ, ಸದ್ದು, ತುಕ್ಕು. ಚಳಿಗೆ ಸ್ಟಾರ್ಟ್ ಆಗಲ್ಲ. ಮಳೆ ಬಂದ್ರೆ ಮೇಲೆ ಸೋರ್ತೈತೆ. ಹ್ಯಾಂಡ್ ಬ್ರೇಕ್ ನಿಲ್ಲಲ್ಲ," ಎಂದು ಬೆರಳು ಮಡಿಸುತ್ತ ಬಂದವನು ಕ್ಯಾಮೆರಾವನ್ನು ಒಲೆಯ ಮುಂದಿದ್ದ ಗಂಗಲಕ್ಷ್ಮಿಯ ಕಡೆ ತಿರುಗಿಸಿದ. "ಇದು ಏಳನೇದು ನೋಡ್ರಿ. ಎಂಜಿನ್ನಿಗಿಂತ ಜಾಸ್ತಿ ಸದ್ದು. ಇದಕ್ಕೆ ಸ್ಪೇರ್ ಪಾರ್ಟೂ ಸಿಗಲ್ಲ."

ನಲವತ್ತೊಂದು ಸಾವಿರ ಜನ ನೋಡಿದರು. ಚಳ್ಳಕೆರೆ ಸಂತೆಯಲ್ಲಿ ಈರುಳ್ಳಿ ಮಾರುವವಳು ಪಕ್ಕದವಳಿಗೆ ಹೇಳಿದ್ದು ಗಂಗಲಕ್ಷ್ಮಿಯ ಕಿವಿಗೇ ಬಿತ್ತು: "ಏಳನೇ ಪಾಯಿಂಟಮ್ಮ ಬಂದ್ಲು."

ಮೂರು ವರ್ಷದ ಹಿಂದೆ ಗಂಗಲಕ್ಷ್ಮಿಗೆ ಚಳ್ಳಕೆರೆಯಲ್ಲಿ ಒಂದು ಹೊಲಿಗೆ ಅಂಗಡಿ ಇತ್ತು. ಶಾಲೆ ಮಕ್ಕಳನ್ನು ಹೊತ್ತು ಹಳತಾಗಿದ್ದ ಈ ವ್ಯಾನನ್ನು ಈರೇಶ್ ಕೊಂಡು, ಹಿಂದೆ ಮಂಚ, ನಡುವೆ ಒಲೆ ಕೂರಿಸಿ, ಬಾಡಿಗೆ ಮನೆ ಖಾಲಿ ಮಾಡಿಸಿದ. ಅಶೋಕನ ಶಾಸನ ನೋಡಲು ಬರುವವರನ್ನು, ವರವು ಕಾವಲು ಹುಲ್ಲುಗಾವಲಿನ ಬೇಲಿಯಾಚೆ ಕೃಷ್ಣಮೃಗ ಹುಡುಕುವವರನ್ನು ಸುತ್ತಾಡಿಸುವುದು ಅವನ ಕೆಲಸ. ಅಡುಗೆ, ಪಾತ್ರೆ ಅವಳದು. ಅಂಗಡಿ ಮುಚ್ಚಿತು. ಹೊಲಿಗೆ ಯಂತ್ರ ಮಳಿಗೆಯ ಒಡತಿ ಪಾಪಕ್ಕನ ಅಟ್ಟ ಸೇರಿತು.

ಆ ಮಳಿಗೆ ಈಗ ಮತ್ತೆ ಖಾಲಿಯಾಗಿತ್ತು. "ಮೂರು ತಿಂಗ್ಳು ಕಾಯ್ತೀನಿ. ಒಬ್ಳೇ ಬಂದ್ರೆ ನಿಂಗೇ ಕೊಡ್ತೀನಿ ಕಣೇ. ನಿನ್ ಗಂಡ ಕ್ಯಾಮೆರಾ ಹಿಡ್ಕಂಡು ಮೆಟ್ಲು ಹತ್ತಂಗಿಲ್ಲ," ಎಂದಿದ್ದಳು ಪಾಪಕ್ಕ.

ಬಿಟ್ಟು ಹೋಗಬಹುದಿತ್ತು. ಅದನ್ನೂ ಗಂಗಲಕ್ಷ್ಮಿ ಯೋಚಿಸಿದಳು. ಬಿಟ್ಟು ಹೋದರೆ ಅದೂ ಒಂದು ವಿಡಿಯೊ ಆಗುತ್ತಿತ್ತು. ಅಂಗಡಿಗೆ ಬರುವವರೆಲ್ಲ ನೋಡಿಕೊಂಡೇ ಬರುತ್ತಿದ್ದರು. ವಿಡಿಯೊ ಮಾಡುವವನೇ ಇಲ್ಲದಿದ್ದರೆ ಮಾತ್ರ ಅವಳು ಬರೀ ಟೈಲರ್ ಆಗಿ ಉಳಿಯುತ್ತಿದ್ದಳು.

ಅವನ ಪಟ್ಟಿಯನ್ನು ಅವಳು ಹನ್ನೊಂದು ಸಲ ನೋಡಿದಳು. ಬೇಕಾದದ್ದೆಲ್ಲ ಅದರಲ್ಲೇ ಇತ್ತು. ಎರಡನೆಯ ಪ್ಲಸ್ ಪಾಯಿಂಟು: ಹಳೆಯ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ. ಅಂದರೆ, ಏನು ಯಾವಾಗ ನಡೆಯಿತೆಂದು ಬರೆದಿಡುವ ಪೆಟ್ಟಿಗೆಯೂ ಇಲ್ಲ. ಮೂರನೆಯ ಮೈನಸ್, ತುಕ್ಕು: ಪಕ್ಕದ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಆರನೆಯದು ಹ್ಯಾಂಡ್ ಬ್ರೇಕ್. ಅದರ ಲಿವರ್ ಬುಡದಲ್ಲಿ ಹಲ್ಲುಗಳಿರುವ ಕಬ್ಬಿಣದ ಪಟ್ಟಿಯೊಂದಿತ್ತು. ಹಲ್ಲು ಸವೆದು, ಎಳೆದು ನಿಲ್ಲಿಸಿದ ಲಿವರ್ ಐದು ನಿಮಿಷಕ್ಕೋ ಗಂಟೆಗೋ ಟಕ್ಕೆಂದು ತಾನೇ ಬಿದ್ದುಬಿಡುತ್ತಿತ್ತು. ಅದು ಬೀಳುವುದನ್ನು ಈರೇಶ್ ವಿಡಿಯೊದಲ್ಲೇ ತೋರಿಸಿದ್ದ. ಗಾಡಿಯನ್ನು ಗೇರಿನಲ್ಲಿ ನಿಲ್ಲಿಸುವ ಅಭ್ಯಾಸ ಅವನಿಗಿರಲಿಲ್ಲ. ಇಳಿಜಾರಿದ್ದರೆ ಚಕ್ರಕ್ಕೊಂದು ಕಲ್ಲು ಕೊಡುತ್ತಿದ್ದ. ಆ ಕಲ್ಲನ್ನು ಕಾಲಿನಿಂದ ಸರಿಸಿದರೆ ಸಾಕಿತ್ತು.

ಎರಡು ತಿಂಗಳು ಅವಳು ಎಲ್ಲರ ಮುಂದೆ ಬ್ರೇಕಿನ ದೂರು ಹೇಳಿದಳು: ಡೀಸೆಲ್ ಬಂಕಿನಲ್ಲಿ, ದಾವಣಗೆರೆಯಿಂದ ಬಂದ ಪ್ರವಾಸಿಗರ ಬಳಿ, ಈರೇಶನ ಅಕ್ಕ ಕೆಂಚಕ್ಕನ ಮನೆಯಲ್ಲಿ.

"ಆ ಬ್ರೇಕು ಒಂದಿನ ನಿಮ್ ತಮ್ಮನ್ನ ನುಂಗ್ತೈತೆ ನೋಡ್ರಿ."

"ನುಂಗೋದಾದ್ರೆ ನಿನ್ನ ನುಂಗ್ಲಿ," ಎಂದಳು ಕೆಂಚಕ್ಕ. "ಅವ್ನಿಗಾದ್ರೂ ನಿದ್ದೆ ಬತ್ತೈತೆ."

ಒಂದು ಸಲ ಮಾತ್ರ ಈರೇಶ್ ನಗದೆ ಅವಳ ಮುಖ ನೋಡಿದ. "ಅಷ್ಟು ಭಯನಾ ನಿಂಗೆ?"

"ಹೂಂ. ನಿದ್ದೆ ಬರಲ್ಲ," ಎಂದಳು. ಅಭಿನಯ ಚೆನ್ನಾಗಿಯೇ ಬಂತೆಂದು ಅವಳಿಗೆ ಸಮಾಧಾನವಾಯಿತು.

ಬುಧವಾರ ಅವನು ಅವಳನ್ನು ಪಾಪಕ್ಕನ ಮನೆ ಮುಂದೆ ಇಳಿಸಿ, ಡೀಸೆಲ್ ಹಾಕಿಸಿಕೊಂಡು ಬರುತ್ತೇನೆಂದು ಹೋದವನು ಎರಡು ಗಂಟೆ ಬರಲಿಲ್ಲ. ಗಂಗಲಕ್ಷ್ಮಿ ಬೇಸರಿಸಲಿಲ್ಲ. ಅಟ್ಟದಿಂದ ಯಂತ್ರ ಇಳಿಸಿ ಎಣ್ಣೆ ಬಿಟ್ಟಳು.

ಗುರುವಾರ ಮಧ್ಯಾಹ್ನ ಗಾಡಿ ಸಿದ್ದಾಪುರದಾಚೆಯ ಬೋರೆಗುಡ್ಡದ ಇಳಿಜಾರಿನಲ್ಲಿತ್ತು. ಅಲ್ಲಿಂದ ಬ್ರಹ್ಮಗಿರಿ ಚೆನ್ನಾಗಿ ಕಾಣುತ್ತದೆಂದು ಈರೇಶ್ ಯಾವಾಗಲೂ ಅಲ್ಲೇ ನಿಲ್ಲಿಸುತ್ತಿದ್ದ. ಗಾಡಿಯ ಮೂತಿಗೆ ನೇರವಾಗಿ, ಮೂವತ್ತು ಹೆಜ್ಜೆ ಕೆಳಗೆ, ಕೆಲಸ ನಿಂತ ಕಲ್ಲು ಕ್ವಾರಿ. ಅದರ ಆಳ ನಲವತ್ತು ಅಡಿ, ತಳದಲ್ಲಿ ನೀರಿಲ್ಲ. ಅವನು ಎರಡು ಮುದ್ದೆ, ಹುರುಳಿಕಾಳಿನ ಸಾರು ಉಂಡು ಹಿಂದಿನ ಮಂಚದಲ್ಲಿ ಮಲಗಿದ. ಅವತ್ತು ಏನೋ ಖುಷಿಯಲ್ಲಿದ್ದ. "ಸಂಜೆ ಒಂದು ವಿಡಿಯೊ ಐತೆ. ನಿನ್ ಮುಖ ನೋಡ್ಬೇಕು ಆಗ," ಎಂದ.

ಗೊರಕೆ ಶುರುವಾಗುವ ತನಕ ಅವಳು ಕಾದಳು. ಪಾತ್ರೆಗಳನ್ನು ಹತ್ತಿರದ ಬಂಡೆಯೊಂದರ ಹಿಂದೆ ಒಯ್ದು, ಅರ್ಧಕ್ಕೆ ಬೂದಿ ಹಚ್ಚಿಟ್ಟು, ಕೈ ತೊಳೆದು ಬಂದಳು. ಪಕ್ಕದ ಬಾಗಿಲು ಮುಚ್ಚಿದಳು. ಚಕ್ರದ ಬಳಿ ಬಗ್ಗಿ ನೋಡಿದರೆ ಕಲ್ಲೇ ಇರಲಿಲ್ಲ. ಮರೆತಿದ್ದಾನೆ. ಒಂದು ಕೆಲಸ ಕಡಿಮೆಯಾಯಿತು ಎಂದುಕೊಂಡಳು. ಡ್ರೈವರ್ ಬಾಗಿಲಿನಿಂದ ಬಗ್ಗಿ ಲಿವರಿನ ಗುಂಡಿ ಒತ್ತಿದಳು. ಅದು ಗಟ್ಟಿಯಾಗಿ ಹಿಡಿದಿತ್ತು. ಎರಡೂ ಕೈ ಹಾಕಬೇಕಾಯಿತು. ಅಂಗೈ ಬೆವೆತಿರಬೇಕು ಎಂದುಕೊಂಡಳು. ಲಿವರ್ ಕೆಳಗೆ ಕೂತಿತು. ಗಾಡಿ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಹೊರಟಿತು. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಕ್ವಾರಿಯ ಅಂಚಿನ ಬಳಿ ಒಳಗಿನಿಂದ ಬಾಗಿಲು ಬಡಿದ ಸದ್ದು ಬಂತು. ಅವನು ಅವಳ ಹೆಸರು ಕೂಗಿದ. ಮೂರು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅಪರೂಪ.

ಅವಳು ಬಂಡೆಯ ಹಿಂದೆ ಹೋಗಿ, ಕೈಗೆ ಬೂದಿ ಹಚ್ಚಿಕೊಂಡು, ಆಮೇಲೆ ಕಿರುಚಿದಳು.

ಮೊದಲು ಓಡಿ ಬಂದವನು ಆಚೆ ದಿನ್ನೆಯಲ್ಲಿ ಕುರಿ ಮೇಯಿಸುತ್ತಿದ್ದ ಗಾದ್ರಪ್ಪ. ಕೆಳಗೆ ಇಣುಕಿ, ತಲೆಯ ಟವೆಲ್ ತೆಗೆದ. "ಯವ್ವಾ, ನೀನು ಈ ಕಡೆ ನೋಡ್ಬ್ಯಾಡ," ಎಂದ. ಅವಳ ಬೂದಿಗೈಯನ್ನು ಅವನು ನೋಡಿದನೆಂಬುದನ್ನು ಅವಳು ಗಮನಿಸಿದಳು.

ಮೊಳಕಾಲ್ಮೂರು ಠಾಣೆಯಲ್ಲಿ ಅವಳು ಹೇಳಿಕೆ ಬರೆಸಿದಳು. ಅವನು ಬ್ರೇಕ್ ಹಾಕಲು ಮರೆತ ಎನ್ನಬಹುದಿತ್ತು. ಆದರೆ ಹದಿನೈದು ವರ್ಷ ಗಾಡಿ ಓಡಿಸಿದವನು ಮರೆತ ಎಂದರೆ ಪ್ರಶ್ನೆಗಳೇಳುತ್ತವೆ. ಹಲ್ಲು ಸವೆದ ಬ್ರೇಕಿಗೆ ನಲವತ್ತೊಂದು ಸಾವಿರ ಸಾಕ್ಷಿಗಳಿದ್ದರು. "ಅವರು ಲಿವರ್ ಎಳೆದದ್ದನ್ನು ಕಣ್ಣಾರೆ ಕಂಡೆ. ಅದು ಯಾವಾಗಲೂ ಬೀಳುವ ಹಾಗೆ ತಾನೇ ಬಿತ್ತು," ಎಂದು ಬರೆಸಿ ಸಹಿ ಹಾಕಿದಳು. ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್ ದೊಡ್ಡೀರಪ್ಪ ಅವಳಿಗೆ ಚಹಾ ತರಿಸಿಕೊಟ್ಟ.

ಒಂಬತ್ತನೆಯ ದಿನ ಗಂಡನ ಸಾಮಾನು ಒಯ್ಯಲು ಕರೆದರು. ಮರುದಿನ ಪಾಪಕ್ಕ ಮಳಿಗೆಯ ಕೀಲಿ ಕೊಡುವವಳಿದ್ದಳು. ದೊಡ್ಡೀರಪ್ಪ ಮೇಜಿನ ಮೇಲೆ ಒಂದೊಂದೇ ಇಟ್ಟ: ಒಡೆದ ಫೋನು, ಚಪ್ಪಲಿ, ಬಾಚಣಿಗೆ. ಕೊನೆಗೆ, ಡ್ರೈವರ್ ಸೀಟಿನ ಕೆಳಗೆ ಸಿಕ್ಕ, ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಪೊಟ್ಟಣ. "ಇದೇನಂತ ಗೊತ್ತಾ ನಿಮ್ಗೆ?" ಎಂದು ಕೇಳಿದ. ಅವಳು ಇಲ್ಲವೆಂದಳು, ಅದು ನಿಜವೇ ಆಗಿತ್ತು. ಅವನು ದಾರ ಬಿಚ್ಚಿದ. "ನಮ್ ಕಡೆ ಗ್ಯಾರೇಜ್ ಮೇಸ್ತ್ರಿಗಳು ಹೊಸ ಪಾರ್ಟ್ ಹಾಕಿದ್ರೆ, ಗಿರಾಕಿ ನಂಬ್ಲಿ ಅಂತ ಹಳೇದನ್ನ ಹಿಂಗೇ ಕಟ್ಟಿ ಕೈಗೆ ಕೊಡ್ತಾರಮ್ಮ. ಗಾಡಿ ಹತ್ರ ಹೋಗಿ ನೋಡಿದ್ವಿ, ಹೊಸದರ ಗ್ರೀಸ್ ಇನ್ನೂ ಹಸಿಯಾಗೇ ಐತೆ. ಬಟನ್ ಒತ್ತಿ ಇಳಿಸ್ದೆ ಆ ಲಿವರ್ ಬೀಳಲ್ಲ." ಬುಧವಾರದ ಪತ್ರಿಕೆಯ ನಡುವೆ, ಹಲ್ಲು ಸವೆದ ಕಬ್ಬಿಣದ ಪಟ್ಟಿಯೊಂದು ಮಲಗಿತ್ತು.