ಗುಂಯ್‌ಗುಟ್ಟುವ ರೇಡಿಯೊ

ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು ನಾನು. ಇಲ್ಲದ್ದನ್ನು ಹೇಳಿ ನನಗೇನೂ ಆಗಬೇಕಾಗಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವಳ ಹಳೆಯ ವಾಲ್ವ್ ರೇಡಿಯೊ ಗುಂಯ್‌ಗುಟ್ಟತೊಡಗಿತು. ಮೂರನೆಯ ಮಧ್ಯಾಹ್ನ ಆ ಸದ್ದಿನೊಳಗೆ ಅವಳು ಕೆಮ್ಮಿದಳು. ಆಮೇಲೆ ದಿನವೂ ಒಂದೇ ಮಾತು: "ರೀ, ಊಟ ಆಯ್ತಾ?" ವಾಲ್ವ್‌ಗಳು ಕೆಂಪಗೆ ಕಾದಿದ್ದರೂ ಪೆಟ್ಟಿಗೆ ತಣ್ಣಗೆ ಕೊರೆಯುತ್ತಿತ್ತು. ಅಪ್ಪನ ತಲೆ ಕೆಟ್ಟಿದೆ ಎಂದುಕೊಂಡಾಳೆಂದು ಮಗಳಿಗೆ ಹೇಳಲಿಲ್ಲ.

ಕರೆಂಟು ಹಿಡಿದಿಡುವ ಕೆಪಾಸಿಟರ್ ಒಣಗಿದ್ದರಿಂದ ಆ ಗುಂಯ್ ಸದ್ದು ಬರುತ್ತದೆಂದು ನನಗೆ ಗೊತ್ತಿತ್ತು. ಅದು ಉಬ್ಬುತ್ತಲೂ ಇತ್ತು. ಹಾಗೇ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟು ರೇಡಿಯೊವೇ ಹೋಗುತ್ತಿತ್ತು. ಅಷ್ಟೇ ಮೈಕ್ರೋಫ್ಯಾರಡ್ ಅಳತೆಯ, ತುಸು ಹೆಚ್ಚು ವೋಲ್ಟ್ ತಡೆಯುವ ಹೊಸದನ್ನು ಆರಿಸಿದೆ. ಎರಡು ದಿನ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದೆ. ಕೊನೆಗೆ ಬೆಸುಗೆ ಹಾಕಿದೆ.

ವಾರ್ತೆ ಸ್ವಚ್ಛವಾಗಿ ಕೇಳಿತು. ಅಡುಗೆಮನೆಯಿಂದ ಮಗಳು ಒದ್ದೆ ಕೈಯಲ್ಲೇ ಓಡಿಬಂದಳು.

"ಅಪ್ಪಾ, ಅಮ್ಮ ಯಾಕೆ ಸುಮ್ನಾದ್ಲು?"

ಹಳೆಯದನ್ನೇ ಮತ್ತೆ ಜೋಡಿಸಿದೆ. ಗುಂಯ್ ಸದ್ದು ಬಂತು, ಅವಳು ಬರಲಿಲ್ಲ. ಸಂಜೆಯವರೆಗೂ ಇಬ್ಬರೂ ಕಿವಿಗೊಟ್ಟು ಕೂತೆವು.

"ಪಾಪ, ಊಟ ಆಯ್ತಾ ಅಂತ ಅದೆಷ್ಟು ಸಲ ಕೇಳಿದ್ಲು," ಎಂದೆ.

ಮಗಳು ನನ್ನ ಮುಖ ನೋಡಿದಳು. "ನಂಗೆ ಬೇರೆ ಏನೋ ಹೇಳ್ತಿದ್ಲು, ಅಪ್ಪಾ."

ಏನೆಂದು ಅವಳು ಇವತ್ತಿಗೂ ಹೇಳಿಲ್ಲ.