ಐವತ್ತೇ ಗಜ

"ನೀನು ಸುಳ್ಳು ಹೇಳಿದೆ."

ಆ ವಿದೇಶಿಯ ದನಿ ಜೋರಾಗಿರಲಿಲ್ಲ. ಜೋರಾಗಿದ್ದಿದ್ದರೆ ಪಿಕುನ್‌ಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಅವಳು ತಲೆ ತಗ್ಗಿಸಿ ನಿಂತಳು. ಹ್ಯಾಟು, ಅದರ ಕೆಳಗೆ ಮುಖವನ್ನೆಲ್ಲ ಮುಚ್ಚಿದ ಬಟ್ಟೆ. ಥಾಯ್ಲೆಂಡಿನ ಹುವಾ ಹಿನ್‌ನ ಬಿಸಿಲಿಗೆ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊತ್ತು ದಾರಿ, ದೂರ ಹೇಳುವ ಕ್ಯಾಡಿ ಹೆಂಗಸರೆಲ್ಲ ಹಾಗೇ. ಕಾಣುವುದು ಕಣ್ಣು ಮಾತ್ರ. ಅವಳ ಕಣ್ಣು ಆಗ ನೆಲ ನೋಡುತ್ತಿತ್ತು.

ಏಳನೇ ಕುಳಿಯ ದಾರಿಯಲ್ಲಿ, ಮಳೆಮರದ ಕೆಳಗಿನ ಬೆಂಚಿನ ಮೇಲೆ ಅವನ ಅಪ್ಪ ಏದುಸಿರು ಬಿಡುತ್ತ ಕೂತಿದ್ದರು. ಬೆಳಿಗ್ಗೆ ಪಿಕುನ್ ಇಬ್ಬರಿಗೂ ನಾಲ್ಕು ಮಾತು, ಜೊತೆಗೆ ಎಣಿಕೆ ಕಲಿಸಿದ್ದಳು. ಹೊಸ ಅತಿಥಿಗಳಿಗೆಲ್ಲ ಕಲಿಸುವಂಥದ್ದೇ. ಸಾಯ್ ಅಂದರೆ ಎಡ, ಖ್ವಾ ಅಂದರೆ ಬಲ, ಚೆಂಡು ನೀರಿಗೆ ಬಿದ್ದರೆ ಮೈ ಪೆನ್ ರೈ, ಹೋಗಲಿ ಬಿಡಿ. ಕೀ ಲಾ ಅಂದರೆ 'ಎಷ್ಟು ಗಜ?'

ಮುದುಕರು ಬೆಂಚಿನಿಂದಲೇ ಕೋಲು ಚಾಚಿ ಬಾವುಟ ತೋರಿಸಿ, "ಕೀ ಲಾ?" ಎಂದು ಕೇಳಿದ್ದರು.

"ಹಾ ಸಿಪ್," ಎಂದಿದ್ದಳು ಪಿಕುನ್. ಐವತ್ತು.

ಬಾವುಟ ಮುನ್ನೂರು ಗಜದಾಚೆ ಇತ್ತು.

ದೂರ ತಪ್ಪು ಹೇಳುವ ಕ್ಯಾಡಿ ಅಂದರೆ ಉಪ್ಪು ಹಾಕಲು ಮರೆತ ಅಡುಗೆಯವಳ ಹಾಗೆ. ಅದು ಅವಳಿಗೂ ಗೊತ್ತಿತ್ತು. ಮೇಲಿನವರಿಗೆ ದೂರು ಹೋದರೆ ವಾರವಿಡೀ ಸರದಿಯಿಂದ ಹೊರಗೆ.

"ಮುನ್ನೂರು ಅಂದ್ರೆ ಅವರು ಏಳಲ್ಲ," ಎಂದಳು ತಡವರಿಸುತ್ತ. ಬಾಯಿಗೆ ಬಂದಷ್ಟು ಅವನಿಗೆ ತಿಳಿಯುವ ಭಾಷೆ, ಉಳಿದದ್ದು ಕೈಸನ್ನೆ. "ಐವತ್ತು ಅಂದ್ರೆ ಏಳ್ತಾರೆ. ಅದು ಮುಗಿದ ಮೇಲೆ ಇನ್ನೊಂದು ಐವತ್ತು."

ಅಷ್ಟರಲ್ಲಿ ಮುದುಕರು ನಗುತ್ತ, ಕೆಮ್ಮುತ್ತ, ಅವಳ ಭುಜ ಹಿಡಿದು ಎದ್ದೇಬಿಟ್ಟರು. "ಹಾ ಸಿಪ್!" ಎಂದು ಕೋಲೆತ್ತಿ ಹೊರಟರು.

ಮಗ ಹಿಂದೆ ಉಳಿದು ಅವಳ ಕಣ್ಣನ್ನೇ ನೋಡಿದ. ಬಿಳಿಚಿದ, ಬಿಸಿಲಿಗೆ ಮೂಗು ಕೆಂಪಾದ ಮುಖ. ತನ್ನ ಹ್ಯಾಟು ತೆಗೆದು ಮೆಲ್ಲಗೆ ಹೇಳಿದ, "ಕ್ಷಮಿಸು."

ಕ್ಯಾಡಿಯ ಎದುರು ಹ್ಯಾಟು ತೆಗೆಯುವವರನ್ನು ಪಿಕುನ್ ಅದುವರೆಗೆ ಕಂಡಿರಲಿಲ್ಲ.

ಅವನ ಹೆಸರು ಲೌರಿ. ಫಿನ್ಲೆಂಡಿನ ಔಲು ಎಂಬ ಊರಿನಲ್ಲಿ ಶಾಲೆಯ ಮಕ್ಕಳಿಗೆ ಮರಗೆಲಸ ಕಲಿಸುವ ಮೇಷ್ಟ್ರು. ಅಲ್ಲಿ ಚಳಿಗಾಲಕ್ಕೆ ಸಮುದ್ರವೇ ಹೆಪ್ಪುಗಟ್ಟುತ್ತದಂತೆ. ಅಪ್ಪ ಅರ್ವೊಗೆ ಎದೆಯ ಕಾಯಿಲೆ. ವೈದ್ಯರು ಕೈಚೆಲ್ಲಿದ ಮೇಲೆ, "ಬೆಚ್ಚಗಿನ ಊರಲ್ಲಿ ಒಂದು ಚಳಿಗಾಲ ಆಡಿ ಸಾಯ್ತೀನಿ, ಗಾಡಿ ಬೇಡ, ನಡೆದೇ ಆಡ್ತೀನಿ" ಎಂದು ಹಟ ಹಿಡಿದು ಬಂದಿದ್ದರು.

ಆ ಚಳಿಗಾಲವೆಲ್ಲ ಅವರು ಬೆಳಿಗ್ಗೆ ಬೆಳಿಗ್ಗೆ ಬಂದು ಐವತ್ತೆಂಟನ್ನೇ ಕೇಳುತ್ತಿದ್ದರು. ಐವತ್ತೆಂಟು ಅವಳ ಹ್ಯಾಟಿನ ಮೇಲೂ ಬೆನ್ನ ಮೇಲೂ ಇದ್ದ ಸಂಖ್ಯೆ.

ಅರ್ವೊಗೆ ಲುಂಗ್ ಎಂದು ಕರೆಸಿಕೊಳ್ಳುವುದೆಂದರೆ ಇಷ್ಟ. ಲುಂಗ್ ಅಂದರೆ ದೊಡ್ಡಪ್ಪ. ಕಲಿತ ಮಾತನ್ನೆಲ್ಲ ಅವರು ಎಲ್ಲೆಂದರಲ್ಲಿ ಬಳಸುತ್ತಿದ್ದರು. ಊಟದ ಮನೆಯಲ್ಲಿ ಸೂಪಿನ ಬಟ್ಟಲು ತೋರಿಸಿ "ಕೀ ಲಾ?" ಹೊರಗೆ ಚೀಲ ಒರೆಸುತ್ತಿದ್ದ ಪಿಕುನ್ ಕಿಟಕಿಯಿಂದಲೇ, "ಹಾ ಸಿಪ್, ಲುಂಗ್!" ಸ್ನಾನದ ಮನೆ, ಬಾಗಿಲು, ಬಸ್ಸು, ಆಕಾಶದ ಚಂದ್ರ ಎಲ್ಲವೂ ಐವತ್ತೇ ಗಜ.

ಲೌರಿ ಮಾತು ಕಡಿಮೆ ಆಡುವವನು. ಅವಳೂ ಹಾಗೆಯೇ. ಅಪ್ಪ ಬೆಂಚಿನ ಮೇಲೆ ತೂಕಡಿಸುವಾಗ ಇಬ್ಬರೂ ಹುಲ್ಲಿನ ಮೇಲೆ ಕೂರುತ್ತಿದ್ದರು. ಅವನು ಒಂದು ಕಡ್ಡಿ ಕೆತ್ತುತ್ತ, ಅವಳು ಚೆಂಡು ಒರೆಸುತ್ತ. ಆ ಮೌನ ಅವಳಿಗೆ ಭಾರವೆನಿಸುತ್ತಿರಲಿಲ್ಲ. *ಇವನ ಹತ್ತಿರ ಏನೂ ಹೇಳಬೇಕಾಗಿಲ್ಲ ನೋಡು,* ಎಂದುಕೊಳ್ಳುವಳು. ಆಮೇಲೆ ಹಾಗೆ ಅಂದುಕೊಂಡದ್ದಕ್ಕೇ ಬಟ್ಟೆಯೊಳಗೆ ಕೆನ್ನೆ ಬಿಸಿಯಾಗುವುದು.

ಬೇಸಿಗೆಯ ಹೊತ್ತಿಗೆ ಅಪ್ಪ ಮಗ ಹೊರಟರು. ಲುಂಗ್ ಕಾರಿನೊಳಗೆ ಕೂತು ಗಾಜು ಇಳಿಸಿ, ಬಾಯಿ ತೆರೆದು ಏನನ್ನೋ ಕೇಳಲು ಹೋದರು. ಕೆಮ್ಮು ಬಂದು ಕೇಳಲಾಗಲಿಲ್ಲ. ಅವಳೇ ಹೇಳಿದಳು, "ಹಾ ಸಿಪ್, ಲುಂಗ್."

ಲೌರಿ ಕೊನೆಯವರೆಗೂ ಕೈ ಬೀಸುತ್ತಲೇ ಇದ್ದ. ಅವಳ ಮುಖವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಕೆಲಸ ಮುಗಿದರೆ ಕ್ಯಾಡಿಗಳು ಹಿಂದಿನ ಗೇಟಿನಿಂದ ಹೋಗಬೇಕು. ಬಟ್ಟೆ ಬಿಚ್ಚುವುದು ಅದರಾಚೆ.

* * *

ಮಳೆಗಾಲದಲ್ಲಿ ಪಿಕುನ್‌ಳ ಅಮ್ಮ ತೀರಿಕೊಂಡರು. ರೊಯ್ ಎಟ್ ಕಡೆಯ ಹಳ್ಳಿ. ಗದ್ದೆಯಲ್ಲಿ ನಾಟಿ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ದಹನ ಮುಗಿಸಿ ಹೊರಡೋಣ ಅಂದುಕೊಂಡವಳು, ನೂರನೇ ದಿನದ ಪುಣ್ಯಕಾರ್ಯ ಮಾಡಿಸಲು ತಾನೊಬ್ಬಳೇ ಅಲ್ಲವೇ ಎಂದು ಅಲ್ಲಿಯೇ ಉಳಿದಳು.

ಹಿಂದಿರುಗಿದಾಗ ಐವತ್ತೆಂಟು ಇನ್ನೊಬ್ಬಳ ಬೆನ್ನ ಮೇಲಿತ್ತು. ಕ್ಯಾಡಿ ಹೋದರೂ ಸಂಖ್ಯೆ ಹೋಗುವುದಿಲ್ಲ, ಅದು ಮುಂದಿನವಳಿಗೆ. ಪಿಕುನ್‌ಗೆ ನೂರ ಹದಿನೇಳು ಸಿಕ್ಕಿತು.

"ಸಂಖ್ಯೆ ಏನಾದ್ರೆ ಏನೇ, ಬಿಸಿಲು ಎಲ್ಲರಿಗೂ ಒಂದೇ," ಎಂದಳು ಮೇಲ್ವಿಚಾರಕಿ ಉರೈ ಅಕ್ಕ. ಬಾಯಿ ಖಾರವಾದರೂ ಹೊಸ ಸಂಖ್ಯೆಯ ಅಂಗಿಯನ್ನು ತಾನೇ ಇಸ್ತ್ರಿ ಮಾಡಿ ತಂದಿದ್ದಳು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಕ್ಯಾಡಿಗಳು ಸಾಲಾಗಿ ನಿಂತಿದ್ದಾಗ, ಲುಂಗ್‌ರ ಹಳೆಯ ಬಿಳಿ ಹ್ಯಾಟು ಹಾಕಿಕೊಂಡು ಲೌರಿ ಒಬ್ಬನೇ ಬಂದ.

ಒಬ್ಬನೇ.

ಪಿಕುನ್ ಅವನ ಹಿಂದಿನ ಖಾಲಿ ದಾರಿ ನೋಡಿದಳು. *ಹೋಗಿಬಿಟ್ಟರಾ, ಲುಂಗ್?*

ಅವನು ಸಾಲಿನುದ್ದಕ್ಕೂ ಹುಡುಕುತ್ತ ಬಂದ. ಅವಳೆದುರು ಬಂದಾಗ ಹೆಜ್ಜೆ ನಿಧಾನವಾಯಿತು. ಕಣ್ಣಿಗೆ ಕಣ್ಣು ಕೂಡಿತು. ಆಮೇಲೆ ಅವನ ನೋಟ ಮೇಲಕ್ಕೆ, ಹ್ಯಾಟಿನ ಮೇಲಿನ ನೂರ ಹದಿನೇಳಕ್ಕೆ ಏರಿತು. ಅವನು ಮುಂದೆ ಹೋಗಿ ಐವತ್ತೆಂಟರ ಎದುರು ನಿಂತು ಹ್ಯಾಟು ತೆಗೆದ.

ಕರೆಯಬಹುದಿತ್ತು. ಆದರೆ ಇನ್ನೊಬ್ಬಳ ಅತಿಥಿಯನ್ನು ಮಾತಾಡಿಸುವುದು ಅಲ್ಲಿ ಕಳ್ಳತನಕ್ಕೆ ಸಮ. ಅದೂ ಅಲ್ಲದೆ, ಕಣ್ಣು ನೋಡಿಯೂ ಗುರುತಿಸದವನನ್ನು ಏನೆಂದು ಕರೆಯುವುದು?

ಮಧ್ಯಾಹ್ನ ಕ್ಯಾಡಿಗಳ ಗುಡಿಸಲಲ್ಲಿ ಅಂಟನ್ನ ಮತ್ತು ಪಪ್ಪಾಯದ ಖಾರದ ಕೋಸಂಬರಿ ನಡುವೆ ಇಟ್ಟುಕೊಂಡು ಹೆಂಗಸರು ಕೂತಿದ್ದರು. ಐವತ್ತೆಂಟರ ಹೊಸ ಒಡತಿ ಸೈಫೊನ್, ಇನ್ನೂ ಇಪ್ಪತ್ತೆರಡರ ಹುಡುಗಿ, ತುತ್ತು ಕೈಯಲ್ಲೇ ಹಿಡಿದು ಹೇಳತೊಡಗಿದಳು.

"ಇವತ್ತು ಏನಾಯ್ತು ಗೊತ್ತಾ ಅಕ್ಕ? ಆ ಬಿಳಿ ಹ್ಯಾಟಿನವ್ನು ಬಂದು, ನಮ್ಮ ಭಾಷೇಲೇ, ಒಂದೊಂದೇ ಅಕ್ಷರ ಕಲ್ತು ಬಂದೋನ ಥರ, 'ಅಪ್ಪ ತೀರಿಹೋದ್ರು, ನೀನು ಅವರನ್ನ ಚೆನ್ನಾಗಿ ನೋಡ್ಕೊಂಡೆ' ಅಂದ. ಕಣ್ತುಂಬ ನೀರು. ಯಾರಪ್ಪನೋ ಏನೋ, ನಾನು ಕಂಡೇ ಇಲ್ಲ!"

"ನಾನಲ್ಲ ಅಂತ ಹೇಳ್ಬೇಕಿತ್ತು ತಾನೆ," ಎಂದಳು ಪಿಕುನ್. ತನ್ನ ದನಿ ತನಗೇ ಕೇಳಿಸಲಿಲ್ಲ.

"ಹೆಂಗೆ ಹೇಳ್ಲಿ? ಎಲ್ಲರ ಮುಂದೆ ಅಳ್ತಾ ನಿಂತಿದಾನೆ. ನೀವು ತಪ್ಪು ಹೆಂಗಸಿನ ಮುಂದೆ ಅತ್ರಿ ಅಂದ್ರೆ ಅವನ ಮಾನ ಏನಾಗ್ಬೇಕು? ಅದಕ್ಕೆ ಮೈ ಪೆನ್ ರೈ ಅಂದೆ."

ಪಿಕುನ್ ಕಣ್ಣು ಮುಚ್ಚಿದಳು. ಚೆಂಡು ನೀರಿಗೆ ಬಿದ್ದಾಗ ಹೇಳು ಎಂದು ಅವನಿಗೆ ಆ ಮಾತು ಕಲಿಸಿದ್ದು ಅವಳೇ. ಅಪ್ಪ ಸತ್ತ ಸುದ್ದಿಗೆ ಉತ್ತರವಾಗಿ ಅವನಿಗೆ ಸಿಕ್ಕಿದ್ದು ಅದೇ... ಹೋಗಲಿ ಬಿಡಿ.

"ಆಮೇಲೆ ಏಳನೇದರ ಬೆಂಚಿನ ಹತ್ರ ಕೂತ್ಕೊಂಡು, ಕೀ ಲಾ ಅಂತ ಕೇಳ್ದ. ಮುಖ ನೋಡ್ತಾನೇ ಇದ್ದ, ಪರೀಕ್ಷೆ ಮಾಡೋನ ಥರ. ನಾನೇನು ಕಮ್ಮಿನಾ? ಸರಿಯಾಗಿ ಅಳತೆ ನೋಡಿ ಮುನ್ನೂರಾ ಎರಡು ಅಂದೆ. ಪಾಪ, ಯಾಕೋ ಆಮೇಲೆ ಒಂದು ಮಾತೂ ಆಡ್ಲಿಲ್ಲ."

ಪಿಕುನ್ ಎದ್ದು ಹೊರಗೆ ಹೋದಳು. ನೀರಿನ ಹಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅತ್ತಳು. ಲುಂಗ್‌ಗಾಗಿ ಅತ್ತಳು. ಅದರ ಹಿಂದೆಯೇ ಅಮ್ಮನಿಗಾಗಿ ಉಳಿಸಿಟ್ಟಿದ್ದ ಅಳುವೂ ಬಂತು. *ಅವನಿಗೆ ಬೇಕಾಗಿದ್ದು ಸಂಖ್ಯೆ. ನಾನಲ್ಲ. ಇರಲಿ. ಆದರೆ ನಾನು ಅವನಪ್ಪನನ್ನು ಮರೆತೆ ಅಂತ ಅಂದುಕೊಂಡು ಹೋಗಿಬಿಡ್ತಾನಲ್ಲ...*

ಬೆನ್ನ ಹಿಂದೆ ಸೈಫೊನ್ ಬಂದು ನಿಂತಿದ್ದಳು. "ಅಕ್ಕ, ಹಳೇ ಐವತ್ತೆಂಟು ನೀನೇ ಅಲ್ವಾ?" ಎಂದಳು. ಪಿಕುನ್ ಮುಖ ತಿರುಗಿಸಿದಳು. "ಅಯ್ಯೋ, ಅವನು ನಿನ್ನೋನಾ?"

"ನನ್ನೋನಲ್ಲ."

"ಮತ್ತೆ ಅನ್ನ ಬಿಟ್ಟು ಯಾಕೆ ಅಳ್ತಿದೀಯ?"

ಪಿಕುನ್ ಮೂಗು ಒರೆಸಿಕೊಂಡಳು. "ಅವರಪ್ಪನಿಗೆ ನಾನು ಯಾವಾಗ್ಲೂ ಐವತ್ತು ಅಂತಿದ್ದೆ ಕಣೆ."

ಸೈಫೊನ್ ಅವಳ ಪಕ್ಕ ಕೂತಳು. ದನಿ ತಗ್ಗಿಸಿ ಹೇಳಿದಳು, "ನಾಳೆ ಅವನ ಕೊನೆ ಆಟವಂತೆ. ನಾಡಿದ್ದಿನದು ರದ್ದು ಮಾಡ್ಸಿದಾನೆ. ಊರಿಗೆ ಹೋಗ್ತಾನಂತೆ."

* * *

ಮರುದಿನ ಸಾಲಿಗೆ ಹೋಗುವ ಮುನ್ನ ಸೈಫೊನ್ ತನ್ನ ಅಂಗಿ, ಹ್ಯಾಟು ಎರಡನ್ನೂ ಪಿಕುನ್‌ಳ ಮಡಿಲಿಗೆ ಹಾಕಿದಳು.

"ಸಿಕ್ಕಿಬಿದ್ರೆ ನಿನ್ನ ಕೆಲಸಾನೂ ಹೋಗುತ್ತೆ ಹುಡುಗಿ."

"ಮುಖ ಮುಚ್ಕೊಂಡ್ಮೇಲೆ ಯಾರು ಯಾರೋ. ಹೋಗಕ್ಕ."

ಸಾಲು ಎಣಿಸುತ್ತ ಬಂದ ಉರೈ ಅಕ್ಕ ಐವತ್ತೆಂಟರ ಎದುರು ನಿಂತಳು. ಹಳೆಯ ಬೂಟು ನೋಡಿದಳು, ಕಣ್ಣು ನೋಡಿದಳು.

"ಐವತ್ತೆಂಟು," ಎಂದಳು ಉರೈ ಅಕ್ಕ ಒರಟಾಗಿ, "ಬೂಟಿನ ದಾರ ಕಟ್ಕೊ. ಬಿದ್ದೀಯ." ಮುಂದೆ ಹೋದಳು.

ಲೌರಿ ಬಂದ. ಹ್ಯಾಟು ತೆಗೆಯಲಿಲ್ಲ, ಅವಳ ಕಡೆ ನೋಡದೆಯೇ ತಲೆಯಾಡಿಸಿದನಷ್ಟೆ. ಅವನ ಪಾಲಿಗೆ ಅವಳು ನಿನ್ನೆಯ ತಣ್ಣನೆಯ ಹೆಂಗಸು. ಮೊದಲ ಕುಳಿ, ಎರಡನೆಯದು, ಮೂರನೆಯದು. ಒಂದು ಥಾಯ್ ಮಾತಿಲ್ಲ. ಅವಳು ಎಡಕ್ಕೆ ಕೈ ತೋರಿದರೆ ಎಡ, ಬಲಕ್ಕೆ ತೋರಿದರೆ ಬಲ. ಚೆಂಡು ಕೆರೆಗೆ ಬಿದ್ದಾಗ ಇಬ್ಬರೂ ನೀರಿನ ಉಂಗುರಗಳನ್ನು ನೋಡುತ್ತ ನಿಂತರು. ಮೈ ಪೆನ್ ರೈ ಎಂದು ಅವಳು ಹೇಳಲಿಲ್ಲ. ಅದು ಈಗ ಹೇಳುವ ಮಾತಾಗಿ ಉಳಿದಿರಲಿಲ್ಲ.

ನಾನೇ ಅವಳು ಎಂದು ಈಗ ಹೇಳಲೇ? ಈಗ? ನಾಲಿಗೆ ಏಳಲಿಲ್ಲ. ಅವಳ ಜನ್ಮವೇ ಹಾಗೆ, ಮಾತು ಎದೆಯಿಂದ ಗಂಟಲಿಗೆ ಬರುವಷ್ಟರಲ್ಲಿ ಸಂತೆ ಮುಗಿದಿರುತ್ತದೆ.

ಏಳನೇ ಕುಳಿಯ ದಾರಿ ಬಂತು. ಮಳೆಮರ ಬಂತು. ಅವನು ಬೆಂಚಿನ ಮೇಲೆ ಕೂತ. ಅವಳು ಕಾದಳು. *ಕೇಳು. ಒಂದೇ ಒಂದು ಸಲ ಕೇಳು.*

ಕೇಳಲಿಲ್ಲ. ನಿನ್ನೆ ಕೇಳಿ ಉತ್ತರ ಪಡೆದವನು ಮತ್ತೆ ಯಾಕೆ ಕೇಳಿಯಾನು? ಅವನು ಅಪ್ಪನ ಬಿಳಿ ಹ್ಯಾಟು ತೆಗೆದ. ಅಂಚು ಸವರಿದ. ಅದನ್ನು ಬೆಂಚಿನ ಮೇಲೆ, ಮುದುಕರು ಕೂರುತ್ತಿದ್ದ ಜಾಗದಲ್ಲಿ ಮೆಲ್ಲಗಿಟ್ಟು ಎದ್ದು ನಡೆದ. ಬಿಟ್ಟು ಹೋಗಲೆಂದೇ ತಂದಿದ್ದ ಅಂತ ಅವಳಿಗೆ ಆಗ ಹೊಳೆಯಿತು.

ಪಿಕುನ್ ಆ ಹ್ಯಾಟಿನ ಎದುರು ಮಂಡಿಯೂರಿದಳು. ಕೈ ಮುಗಿದಳು. ಆ ದನಿ ಎಲ್ಲಿತ್ತೋ, ಹೊರಗೆ ಬಂತು.

"ಏಳಿ ಲುಂಗ್. ಹಾ ಸಿಪ್. ಐವತ್ತೇ ಗಜ."

ಲೌರಿಯ ಹೆಜ್ಜೆ ನಿಂತಿತು.

ಅವನು ತಿರುಗಲು ಬಹಳ ಹೊತ್ತು ಬೇಕಾಯಿತು. ತಿರುಗಿದಾಗ ಅವಳು ಮುಖದ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಬಟ್ಟೆ ಜಾರಿತು. ಕಣ್ಣಿನ ಸುತ್ತ ಬಿಸಿಲು ಸುಟ್ಟ ಪಟ್ಟಿ, ಅದರ ಕೆಳಗೆ ಒದ್ದೆಯಾದ ಕೆನ್ನೆಗಳು, ಮೂವತ್ತು ದಾಟಿದ ಸಾಧಾರಣ ಮುಖ. ಅವನು ಅದನ್ನು ಮೊದಲ ಬಾರಿ ನೋಡುತ್ತಿದ್ದ.

"ನಿನ್ನೆ..." ಎಂದ.

"ನಿನ್ನೆ ನಾನಲ್ಲ. ನಾನು ನೂರ ಹದಿನೇಳು. ಅಮ್ಮ ಹೋದ್ರು, ಊರಿಗೆ ಹೋಗಿದ್ದೆ, ಸಂಖ್ಯೆ ಹೋಯ್ತು." ತುಂಡು ತುಂಡಾಗಿ, ಎರಡು ಭಾಷೆ ಕಲಸಿ ಹೇಳಿದಳು.

ಅವನು ಹತ್ತಿರ ಬಂದು ಹುಲ್ಲಿನ ಮೇಲೇ ಕೂತುಬಿಟ್ಟ. "ಸಾಲಿನಲ್ಲಿ ನಿನ್ನ ಕಣ್ಣು ನೋಡಿದೆ. ಇವಳೇ ಅಂದ್ಕೊಂಡೆ. ಆಮೇಲೆ ಸಂಖ್ಯೆ ನೋಡಿದೆ." ಅವಳ ಹ್ಯಾಟಿನ ಕಡೆ ಬೆರಳು ತೋರಿಸಿದ. "ಕಣ್ಣನ್ನ ನಂಬದೆ ಸಂಖ್ಯೆಯನ್ನ ನಂಬಿದೆ."

"ಲುಂಗ್‌ಗೆ... ನೋವಾಯ್ತಾ?"

"ಕೊನೆಯಲ್ಲಿ ಆಸ್ಪತ್ರೆ ಹಾಸಿಗೆಯಿಂದ ಕಿಟಕಿ ತೋರಿಸಿ ಕೇಳಿದರು. ಕೀ ಲಾ ಅಂತ. ಹೊರಗೆಲ್ಲ ಹಿಮ. ನಾನು ಐವತ್ತು ಅಂದೆ." ಅವನು ಅಂಗೈಯಿಂದ ಕಣ್ಣು ಒತ್ತಿಕೊಂಡ. "ನಕ್ಕರು. ನೀನು ಅವಳಷ್ಟು ಚೆನ್ನಾಗಿ ಸುಳ್ಳು ಹೇಳಲ್ಲ, ಹೋಗಿ ಅವಳನ್ನ ಕರ್ಕೊಂಡು ಬಾ ಅಂದರು. ಅಷ್ಟರಲ್ಲಿ..."

ಮುಂದಿನದನ್ನು ಅವಳು ಕೇಳಲಿಲ್ಲ. ಅವನ ಪಕ್ಕ ಕೂತಳು. ಹಿಂದಿನ ಚಳಿಗಾಲದ ಹಾಗೆಯೇ ಇಬ್ಬರೂ ಸುಮ್ಮನೆ. ಬೆಂಚಿನ ಮೇಲೆ ಬಿಳಿ ಹ್ಯಾಟು.

"ಅವರು ಹೇಳಿದ್ದಕ್ಕಷ್ಟೇ ಬಂದಿದ್ದಲ್ಲ," ಎಂದ ಲೌರಿ ಕೊನೆಗೆ, ಕಿವಿಯವರೆಗೂ ಕೆಂಪಾಗಿ. "ನನಗೂ ಬೇಕಾಗಿತ್ತು. ನೀನು."

ಹಿಂದಿನ ಗುಂಪಿನವರು ದಾರಿ ಬಿಡಿ ಎಂದು ದೂರದಿಂದ ಕೂಗುತ್ತಿದ್ದರು. ಪಿಕುನ್ ಎದ್ದು, ಲುಂಗ್‌ರ ಹ್ಯಾಟನ್ನು ತೆಗೆದು ಅವನ ತಲೆಯ ಮೇಲಿಟ್ಟಳು. ಬಾವುಟ ದೂರದಲ್ಲಿ ಅಲುಗುತ್ತಿತ್ತು.

ಅವನು ಬಾವುಟದ ಕಡೆ ನೋಡಲಿಲ್ಲ. ಅವಳನ್ನೇ ನೋಡುತ್ತ ಕೇಳಿದ, "ಔಲುವಿನಿಂದ ಇಲ್ಲಿಗೆ, ಕೀ ಲಾ?"

ಅವಳು ಕಣ್ಣು ಒರೆಸಿಕೊಂಡಳು. "ಹಾ ಸಿಪ್."

"ನೀನು ಸುಳ್ಳು ಹೇಳ್ತೀಯ."

"ಹೌದು," ಎಂದು ಪಿಕುನ್ ಅವನಿಗೆ ಕೈ ಚಾಚಿದಳು. "ಏಳಿ."