ಊಟಕ್ಕೆ ಬನ್ನಿ ಎಂದವನ ಬಾಕಿ

"ಮಾಲೀಕರು ಯಾರ್ರೀ ಇಲ್ಲಿ?"

ಪುಣೆಯ ನಿಗಡಿ ಬಡಾವಣೆಯ ಆ ಮಂಗಳೂರು ಹೋಟೆಲಿನಲ್ಲಿ ಮಧ್ಯಾಹ್ನದ ಗದ್ದಲ ಒಮ್ಮೆಲೇ ನಿಂತಿತು.

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಶ್ವಿತ್ ಎದ್ದು ನಿಂತ.

"ನಾನೇ... ನೀವು ಇಂಪನಾ ಅಲ್ವಾ?"

ಅದೇ ದನಿ!

ಮಂಡ್ಯದಿಂದ ಬಂದು ಪುಣೆಯಲ್ಲಿ ಚಿತ್ರ ಬರೆದೇ ಬದುಕುತ್ತಿದ್ದ ಇಂಪನಾ, ಈ ಹೋಟೆಲಿನ ಮೆನುವಿಗೆ ಅರವತ್ತು ತಿನಿಸುಗಳ ಚಿತ್ರ ಬರೆದುಕೊಟ್ಟಿದ್ದಳು. ನೀರುದೋಸೆಯನ್ನು ಹೇಗೆ ಮಡಚಬೇಕೆಂದು ಅವನು ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದ. ದಿನವೂ ಆ ದನಿಗೆ ಕಾಯುವುದನ್ನು ಅವಳು ಕಲಿತಿದ್ದಳು. ಮುಖ ಕಂಡದ್ದು ಮಾತ್ರ ಇಂದೇ.

ಹಾಳಾಗಲಿ ಆ ದನಿ!

"ಬಿಲ್ ಕಳಿಸಿ ನಾಲ್ಕು ತಿಂಗಳಾಯ್ತು. ಐದು ಸಲ ಫೋನ್ ಮಾಡ್ದೆ. ಐದು ಸಲಾನೂ 'ಒಮ್ಮೆ ಊಟಕ್ಕೆ ಬನ್ನಿ' ಅಂದ್ರಿ. ನಾನು ಕೇಳಿದ್ದು ಊಟಾನಾ? ನಲವತ್ತೈದು ಸಾವಿರ ರೀ! ನಾಳೆ ಬಾಡಿಗೆ ಕೊಡ್ದಿದ್ರೆ ಮನೆ ಓನರ್ ಶೈಲಾ ಕಾಕು ರೂಮ್ ಖಾಲಿ ಮಾಡಿಸ್ತಾರೆ. ಎಲ್ಲಾ ಬಿಟ್ಟು ಊರಿಗೆ ಹೋಗ್ಬೇಕು ನಾನು!"

ಒಳಗಿನಿಂದ ಅವನ ತಾಯಿ ಕುಸುಮ ಬಂದರು. ಕೈಯಲ್ಲಿ ಅರಿಶಿನ ಹಚ್ಚಿದ ಲಕೋಟೆ.

"ಬಂದೆಯಾ ಮಗಾ? ಇದು ದೇವರ ಮುಂದೆಯೇ ಉಂಟು. ಕೆಲಸ ಮಾಡಿಕೊಟ್ಟವರಿಗೆ ಬಡಿಸಿ, ವೀಳ್ಯ ಇಟ್ಟು ಕೈಯಲ್ಲೇ ಕೊಡುವುದು ನಮ್ಮ ಕ್ರಮ. ಇವನ ಅಪ್ಪ ತೀರಿಹೋಗುವ ತನಕ ಬಿಡಲಿಲ್ಲ. ಇವ ಹೇಳಲಿಲ್ವಾ?"

ಇಂಪನಾ ದಂಗಾದಳು. ಅಂದರೆ... ಊಟಕ್ಕೆ ಬನ್ನಿ ಎಂದರೆ ಹಣಕ್ಕೆ ಬನ್ನಿ ಎಂದೇ?

"ಹೇಳಿದ್ರಾ ನೀವು? ಒಂದೇ ಒಂದ್ಸಲ?"

"ಮೊದಲು ನಿಮಗೆ ಗೊತ್ತುಂಟು ಅಂತ ಎಣಿಸಿದೆ. ಗೊತ್ತಿಲ್ಲ ಅಂತ ಮೂರನೇ ಫೋನಿಗೆ ತಿಳಿಯಿತು."

"ಮತ್ತೆ?"

"ಹೇಳಿದ್ರೆ ಖಾತೆಗೆ ಹಾಕಿ ಅಂತಿದ್ರಿ. ಹಾಕಿದ ಮೇಲೆ ನೀವು ಯಾಕೆ ಫೋನ್ ಮಾಡ್ತೀರಿ? ಬೈಲಿಕ್ಕಾದರೂ ಮಾಡ್ತಿದ್ರಲ್ಲ..."

ಅವಳ ಮೈಯೆಲ್ಲ ಉರಿಯಿತು.

"ನಿಮ್ಮ ಆಸೆಗೆ ನನ್ನ ಅನ್ನ ಹಿಡಿದಿಟ್ಕೊಂಡ್ರಾ?"

ಕುಸುಮ ಮಗನ ಕಡೆ ತಿರುಗಿದರು. "ಎಂತದಾ ಇದು! ನಾಳೆ ಬರ್ತಾರೆ, ನಾಳೆ ಬರ್ತಾರೆ ಅಂತ ನನಗೆ ಹೇಳಿದ್ದಾ ನೀನು? ಅಪ್ಪ ಬಡಿಸಿದ್ದು ಕೆಲಸ ಮುಗಿದ ದಿನವೇ!"

ಅವನು ತಲೆ ತಗ್ಗಿಸಿದ. ಕುಸುಮ ಲಕೋಟೆಯನ್ನು ಅವಳ ಕೈಗಿಟ್ಟರು. "ಊಟದ ಮಾತು ಬೇಡ. ಮೊದಲು ಇದು ಹಿಡಿ."

ಇಂಪನಾ ಅಲ್ಲೇ ನಿಂತು ಎಣಿಸಿದಳು.

"ತಡ ಆದದ್ದಕ್ಕೆ ಎಷ್ಟು?" ಅಶ್ವಿತ್ ಮೆಲ್ಲನೆ ಕೇಳಿದ.

"ಬಿಲ್ಲಿನ ಕೆಳಗೇ ಬರ್ದಿದೀನಿ. ಓದಿದ್ರೆ ತಾನೆ! ತಿಂಗಳಿಗೆ ನೂರಕ್ಕೆ ಎರಡು. ಮೂರು ಸಾವಿರದ ಆರುನೂರು."

ತನ್ನ ಜೇಬಿನಿಂದ ತೆಗೆದು ಕೊಟ್ಟ. ಅವಳು ಬ್ಯಾಗಿಗೆ ಹಾಕಿಕೊಂಡು ಬಾಗಿಲಿನವರೆಗೆ ಹೋದಳು. ಕಾಲು ಮುಂದೆ ಹೋಗಲಿಲ್ಲ. ಕೋಪ ಹಾಗೆಯೇ ಇತ್ತು. ಅದರ ಕೆಳಗೆ ಆ ಕಾಯುವಿಕೆಯೂ ಇತ್ತು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟ ದೇವರಿಗೇ ಗೊತ್ತು, ಏಕೆಂದು!

"ಬಾಕಿ ಇಟ್ಕೊಂಡೋರು ಏನ್ ಹೇಳಿದ್ರೂ ನಾನು ನಂಬಲ್ಲ," ಅವಳು ತಿರುಗಿದಳು. "ಈಗ ಬಾಕಿ ಇಲ್ಲ. ಈಗ ಹೇಳಿ."

"ನನಗೆ... ನೀವು ಬೇಕು, ಇಂಪನಾ."

"ಕೋಪ ಹೋಗಿಲ್ಲ ನಂಗೆ."

"ಹೋಗುವುದು ಬೇಡ. ನೀವು ಹೋಗಬೇಡಿ."

ಅವಳ ಕಣ್ಣು ತುಂಬಿತು.

"ಸಂಜೆ ಬನ್ನಿ. ಬಾಡಿಗೆ ಯಾರಿಂದ ತಡ ಆಯ್ತು ಅಂತ ಶೈಲಾ ಕಾಕುಗೆ ನೀವೇ ಹೇಳಿ."

"ಮರಾಠಿಯಲ್ಲಿ ಬೈತಾರಾ?"

"ಚೆನ್ನಾಗಿ ಬೈತಾರೆ. ಬೈಸ್ಕೊಳ್ಳಿ... ನಾನು ಪಕ್ಕದಲ್ಲೇ ನಿಂತಿರ್ತೀನಿ."